ಹಿಮ ಕರಗಿದ ನೀರಿನ ಸೊಳ್ಳೆಗಳು: ಫಿನ್ಲೆಂಡಿನ ಪಟ್ಟಿ ಬೆಳೆದ ಬಗೆ

(ವಿಜ್ಞಾನಾಸಕ್ತರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಫಿನ್ಲೆಂಡಿನಲ್ಲಿ ಕೆಲವು ಬೇಸಿಗೆಗಳನ್ನು ಸೊಳ್ಳೆ ಹಿಡಿಯುತ್ತ ಕಳೆದೆ ಎಂದು ಹೇಳಿದಾಗಲೆಲ್ಲ ನಮ್ಮ ಕಡೆಯವರಿಂದ ಬರುವ ಮೊದಲ ಪ್ರಶ್ನೆ ಒಂದೇ: ‘ಅಂಥ ಚಳಿಯಲ್ಲಿ ಸೊಳ್ಳೆ ಬದುಕುತ್ತದೆಯೇ?’ ಬದುಕುತ್ತದೆ ಎಂಬುದು ಚಿಕ್ಕ ಉತ್ತರ. ಜುಲೈ ತಿಂಗಳಿನಲ್ಲಿ ಲ್ಯಾಪ್‌ಲೆಂಡಿನ ಜೌಗುನೆಲದ ಅಂಚಿನಲ್ಲಿ ಐದು ನಿಮಿಷ ಸುಮ್ಮನೆ ನಿಂತವರಿಗೆ ದೊಡ್ಡ ಉತ್ತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಹಿಮಸಾರಂಗಗಳ ಹಿಂಡು ಕಾಡನ್ನು ಬಿಟ್ಟು ಗಾಳಿ ಬೀಸುವ ಬೋಳುಗುಡ್ಡಗಳ ಮೇಲಕ್ಕೆ ಏರುವುದೇ ಈ ಕಾಟವನ್ನು ತಾಳಲಾರದೆ. ರಕ್ತ ಹೀರುವ ಕೀಟಗಳ ಈ ಇಡೀ ದಂಡಿಗೆ ಫಿನ್ನಿಶ್ ಭಾಷೆಯಲ್ಲಿ ‘ರ‍್ಯಾಕ್ಕಾ’ ಎಂಬ ಪ್ರತ್ಯೇಕ ಹೆಸರೇ ಇದೆ. ಸೊಳ್ಳೆಯೊಂದಕ್ಕೇ ಆದರೆ ‘ಹ್ಯುಟ್ಟುನೆನ್’ ಎನ್ನುತ್ತಾರೆ. ಉತ್ತರದ ಕಡೆಗೆ ಹೋದರೆ ಅದೇ ‘ಸ್ಯಾಸ್ಕಿ’ ಆಗುತ್ತದೆ. ನಮ್ಮಲ್ಲಿ ಘಟ್ಟದ ಮೇಲೆ ಸೊಳ್ಳೆಯಾದದ್ದು ಕರಾವಳಿಯ ಹಲವೆಡೆ ನುಸಿಯಾಗುವ ಹಾಗೆ.

ಇವತ್ತು ನಾನು ಹೇಳಬೇಕೆಂದಿರುವುದು ಅವುಗಳ ಕಾಟದ ಕುರಿತಲ್ಲ, ಅವುಗಳ ಹೆಸರಿನ ಕುರಿತು. ಪ್ರಪಂಚದಲ್ಲಿ ಇದುವರೆಗೆ ಗುರುತಿಸಿರುವ ಸೊಳ್ಳೆ ಪ್ರಭೇದಗಳು ಸುಮಾರು 3,700. ಭಾರತದಲ್ಲಿ ಸುಮಾರು 400. ಫಿನ್ಲೆಂಡಿನ ಪಟ್ಟಿಯಲ್ಲಿ 38 ಪ್ರಭೇದಗಳಿದ್ದವು. ಹೆಲ್ಸಿಂಕಿ ವಿಶ್ವವಿದ್ಯಾಲಯದ ಲೋರ್ನಾ ಕಲ್ವರ್‌ವೆಲ್ ಮತ್ತು ಸಂಗಡಿಗರು ಹಳೆಯ ದಾಖಲೆ, ಮ್ಯೂಸಿಯಂ ಸಂಗ್ರಹ ಮತ್ತು ತಾವೇ ಹೊಸದಾಗಿ ಹಿಡಿದ ಮಾದರಿಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಸಮಗ್ರ ವಿಮರ್ಶೆಯಲ್ಲಿ ಆ ಸಂಖ್ಯೆ 43 ಆಯಿತು. ಇದನ್ನು ಓದಿದ ಕೂಡಲೇ, ಹವಾಮಾನ ಬಿಸಿಯಾಗಿ ಐದು ಹೊಸ ಸೊಳ್ಳೆಗಳು ದಕ್ಷಿಣದಿಂದ ಹಾರಿಬಂದವು ಎಂದು ಸುದ್ದಿಯ ತಲೆಬರಹ ಕಟ್ಟಿಬಿಡುವ ಆಸೆಯಾಗುತ್ತದೆ. ಹಾಗೆ ಓದುವುದು ಅವಸರದ ಓದು. ಪಟ್ಟಿಯೊಂದು ಬೆಳೆಯುವುದಕ್ಕೆ ಹಲವು ಕಾರಣಗಳಿರುತ್ತವೆ: ಯಾರೂ ಹೋಗದಿದ್ದ ಜಾಗಕ್ಕೆ ಒಬ್ಬರು ಹೋಗಿರಬಹುದು, ಒಂದೇ ಎಂದುಕೊಂಡದ್ದು ಎರಡೆಂದು ತಿಳಿದಿರಬಹುದು, ಮ್ಯೂಸಿಯಂನ ಪೆಟ್ಟಿಗೆಯಲ್ಲಿ ತಪ್ಪು ಹೆಸರು ಹೊತ್ತು ಕೂತಿದ್ದ ಮಾದರಿಗೆ ಸರಿಯಾದ ಹೆಸರು ದಕ್ಕಿರಬಹುದು. ಪಟ್ಟಿಯಲ್ಲಿರುವ ಪ್ರತಿ ಹೆಸರಿನ ಹಿಂದೆಯೂ ಸೂಜಿಗೆ ಚುಚ್ಚಿದ ಒಂದು ಒಣ ಸೊಳ್ಳೆ ಇರುತ್ತದೆ; ಆ ಸೊಳ್ಳೆ ಎಷ್ಟು ಗಟ್ಟಿಯೋ ಹೆಸರೂ ಅಷ್ಟೇ ಗಟ್ಟಿ.

ಮೊದಲು ನೀರಿನ ವಿಷಯ. ಫಿನ್ಲೆಂಡನ್ನು ಸಾವಿರ ಸರೋವರಗಳ ನಾಡು ಎನ್ನುವುದು ರೂಢಿ. ಲೆಕ್ಕ ಹಾಕಿದವರು ಸುಮಾರು 1,88,000 ಸರೋವರ ಮತ್ತು ಕೊಳಗಳನ್ನು ಎಣಿಸಿದ್ದಾರೆ. ಆದರೆ ಸೊಳ್ಳೆ ಹುಡುಕುವವನಿಗೆ ದೊಡ್ಡ ಸರೋವರದಿಂದ ಹೆಚ್ಚಿನ ಪ್ರಯೋಜನವಿಲ್ಲ; ಅಲೆ ಬಡಿಯುವ, ಮೀನು ತುಂಬಿದ ನೀರಿನಲ್ಲಿ ಸೊಳ್ಳೆಯ ಮರಿಹುಳು ಬಾಳುವುದಿಲ್ಲ. ಬೇಕಾದದ್ದು ಹಿಮ ಕರಗಿ ನಿಂತ, ಕೆಲವೇ ವಾರಗಳಲ್ಲಿ ಬತ್ತಿಹೋಗುವ ಗುಂಡಿ. ದೇಶದ ನೆಲದಲ್ಲಿ ಮೂರನೇ ಒಂದು ಪಾಲಿನಷ್ಟು ಮೂಲದಲ್ಲಿ ಜೌಗು. ಅದರ ಮೇಲೆ ಆರು ತಿಂಗಳ ಹಿಮ ಒಮ್ಮೆಗೇ ಕರಗಿದರೆ, ಕೆಳಗಿನ ಮಣ್ಣು ಇನ್ನೂ ಹೆಪ್ಪುಗಟ್ಟಿಯೇ ಇರುವುದರಿಂದ ನೀರು ಇಂಗುವುದಿಲ್ಲ. ಬರ್ಚ್ ಮರಗಳ ಬುಡದಲ್ಲಿ, ಪಾಚಿಯ ತಗ್ಗಿನಲ್ಲಿ, ಲಾರಿಯ ಚಕ್ರ ಕೊರೆದ ಗಾಡಿದಾರಿಯಲ್ಲಿ, ಎಲ್ಲೆಂದರಲ್ಲಿ ಕಪ್ಪು ಚಹಾದ ಬಣ್ಣದ ನೀರು ನಿಲ್ಲುತ್ತದೆ.

ಅಂಥದೊಂದು ಗುಂಡಿಯನ್ನು ಮೇ ತಿಂಗಳ ಮೊದಲ ವಾರದಲ್ಲಿ ನಾನು ಮಂಡಿಯೂರಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಬದಿಯಲ್ಲಿ, ಬಂಡೆಯ ನೆರಳಿನಲ್ಲಿ, ಹಿಮದ ಕೊನೆಯ ತುಂಡು ಇನ್ನೂ ಕೂತಿತ್ತು. ನೀರಿಗೆ ಕೈ ಹಾಕಿದರೆ ಬೆರಳು ಮರಗಟ್ಟುತ್ತಿತ್ತು. ತಳದಲ್ಲಿ ಹೋದ ವರ್ಷದ ಬರ್ಚ್ ಎಲೆಗಳು ಪದರ ಪದರವಾಗಿ ಕೊಳೆಯುತ್ತಿದ್ದವು. ಮೊದಲಿಗೆ ಏನೂ ಕಾಣಲಿಲ್ಲ. ನನ್ನ ನೆರಳು ಸರಿದು ಅರ್ಧ ನಿಮಿಷ ಕಳೆದ ಮೇಲೆ ಎಲೆಗಳ ನಡುವಿನಿಂದ ಒಂದೊಂದೇ ಕರಿಗೆರೆ ಕೊಂಕುತ್ತ ಮೇಲೆದ್ದು, ಬಾಲದ ಉಸಿರುಕೊಳವೆಯನ್ನು ನೀರಿನ ಮೇಲ್ಮೈಗೆ ಚಾಚಿ ತಲೆಕೆಳಗಾಗಿ ನೇತಾಡತೊಡಗಿತು. ಉದ್ದ ಹಿಡಿಯ ಬಿಳಿ ಸೌಟನ್ನು ಒಂದು ಸಲ ಅದ್ದಿ ತೆಗೆದರೆ ಮೂವತ್ತಕ್ಕಿಂತ ಹೆಚ್ಚು ಮರಿಹುಳುಗಳು. ನಮ್ಮೂರಿನ ಸಿಮೆಂಟು ತೊಟ್ಟಿಯಲ್ಲಿ ಎಂಟು ಹತ್ತು ದಿನದಲ್ಲಿ ಮುಗಿಯುವ ಬೆಳವಣಿಗೆಗೆ ಇವು ಆ ತಣ್ಣೀರಿನಲ್ಲಿ ತಿಂಗಳು ಹಿಡಿಯುತ್ತವೆ.

ಇವೆಲ್ಲ ಏಡಿಸ್ ಕುಲದವು. ಫಿನ್ಲೆಂಡಿನ ಸೊಳ್ಳೆಗಳು ಐದು ಕುಲಗಳಿಗೆ ಸೇರುತ್ತವೆ: ಏಡಿಸ್, ಅನಾಫಿಲಿಸ್, ಕ್ಯುಲೆಕ್ಸ್, ಕ್ಯುಲಿಸೆಟಾ ಮತ್ತು ಕಾಕ್ವಿಲೆಟಿಡಿಯಾ. ಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಏಡಿಸ್ ಕುಲದ್ದೇ. ನಮಗೆ ಏಡಿಸ್ ಎಂದರೆ ಡೆಂಗಿ ಹರಡುವ, ಕಾಲಿಗೆ ಬಿಳಿ ಪಟ್ಟೆಯಿರುವ ಮನೆಯೊಳಗಿನ ಸೊಳ್ಳೆ. ಉತ್ತರದ ಏಡಿಸ್‌ಗಳು ಕಾಡಿನವು, ಬಹುಪಾಲು ಮಾಸಲು ಬಣ್ಣದವು, ವರ್ಷಕ್ಕೆ ಒಂದೇ ಪೀಳಿಗೆ. ಬೇಸಿಗೆಯಲ್ಲಿ ಹೆಣ್ಣು ಸೊಳ್ಳೆ ಒದ್ದೆ ಪಾಚಿಯ ಮೇಲೆ ಇಟ್ಟ ಮೊಟ್ಟೆ ಇಡೀ ಚಳಿಗಾಲವನ್ನು ಹಿಮದ ಕಂಬಳಿಯ ಕೆಳಗೆ ಕಳೆದು, ಮುಂದಿನ ವಸಂತದ ನೀರು ಮುಟ್ಟಿದಾಗ ಒಡೆಯುತ್ತದೆ. ಆ ವರ್ಷ ನೀರು ಬಾರದಿದ್ದರೆ ಮತ್ತೂ ಕಾಯಬಲ್ಲದು.

ಎಲ್ಲ ಸೊಳ್ಳೆಗಳೂ ಹೀಗೆಯೇ ಚಳಿಗಾಲ ಕಳೆಯುವುದಿಲ್ಲ ಎಂಬುದೇ ಸಮೀಕ್ಷೆ ಮಾಡುವವನ ತಲೆನೋವು. ಅನಾಫಿಲಿಸ್ ಮತ್ತು ಕ್ಯುಲೆಕ್ಸ್ ಕುಲಗಳಲ್ಲಿ, ಕ್ಯುಲಿಸೆಟಾದ ಕೆಲವು ಪ್ರಭೇದಗಳಲ್ಲಿ, ಗಂಡಿನೊಡನೆ ಕೂಡಿದ, ಇನ್ನೂ ಮೊಟ್ಟೆ ಕಟ್ಟದ ಹೆಣ್ಣೇ ನೆಲಮಾಳಿಗೆ, ಕೊಟ್ಟಿಗೆ, ಮರದ ಪೊಟರೆಗಳಲ್ಲಿ ಅಡಗಿ ಚಳಿಗಾಲ ದಾಟುತ್ತದೆ. ಏಪ್ರಿಲ್‌ನಲ್ಲಿ, ಇನ್ನೂ ಹಿಮ ಇರುವಾಗಲೇ, ದೊಡ್ಡ ಗಾತ್ರದ ಒಂದು ಸೊಳ್ಳೆ ಸೋಮಾರಿಯಂತೆ ಹಾರುತ್ತ ಬಂದು ಕೋಟಿನ ತೋಳಿನ ಮೇಲೆ ಕೂತರೆ ಅದು ಬಹುಶಃ ಕ್ಯುಲಿಸೆಟಾ ಅಲಾಸ್ಕೆಯೆನ್ಸಿಸ್. ಕಾಕ್ವಿಲೆಟಿಡಿಯಾ ರಿಕಿಯಾರ್ಡಿಯದು ಇನ್ನೊಂದೇ ದಾರಿ. ಅದರ ಮರಿಹುಳು ಗಾಳಿಗಾಗಿ ಮೇಲಕ್ಕೆ ಬರುವುದೇ ಇಲ್ಲ. ಉಸಿರುಕೊಳವೆಯ ಗರಗಸದಂಥ ತುದಿಯಿಂದ ನೀರಗಿಡದ ಬೇರನ್ನು ಚುಚ್ಚಿ ಗಿಡದೊಳಗಿನ ಗಾಳಿಯನ್ನೇ ಹೀರುತ್ತ, ಮಂಜುಗಡ್ಡೆಯ ಕೆಳಗೆ ಚಳಿಗಾಲ ಕಳೆಯುತ್ತದೆ. ನಮ್ಮ ಕೆರೆಗಳ ಅಂತರಗಂಗೆಯ ಬೇರಿಗೆ ಅಂಟಿಕೊಳ್ಳುವ ಮ್ಯಾನ್ಸೋನಿಯಾ ಸೊಳ್ಳೆಯ ಮರಿ ಮಾಡುವುದೂ ಇದನ್ನೇ. ಎರಡೂ ಹತ್ತಿರದ ನೆಂಟರು. ಸೌಟು ಹಾಕಿ ತೆಗೆದರೆ ಇದು ಸಿಗುವುದಿಲ್ಲ. ಬರೀ ಸೌಟನ್ನು ನಂಬಿ ಮಾಡಿದ ಸಮೀಕ್ಷೆಯಲ್ಲಿ ಈ ಸೊಳ್ಳೆ ‘ಇಲ್ಲ’ ಎಂದೇ ದಾಖಲಾಗುತ್ತದೆ, ಅದೇ ಸಂಜೆ ಅದು ಸಮೀಕ್ಷಕನ ಕುತ್ತಿಗೆಯನ್ನು ಕಚ್ಚಿದ್ದರೂ.

ಆದ್ದರಿಂದ ಸಾಧನಗಳು ಒಂದಕ್ಕಿಂತ ಹೆಚ್ಚು ಬೇಕು. ಮರಿಹುಳುಗಳಿಗೆ ಸೌಟು, ವಿಶ್ರಮಿಸುತ್ತಿರುವ ಸೊಳ್ಳೆಗೆ ಬಾಯಿಂದ ಎಳೆಯುವ ಹೀರುಕೊಳವೆ, ಪೊದೆಗಳ ಮೇಲೆ ಬೀಸುವ ಬಲೆ, ರಾತ್ರಿಗೆ ಪುಟ್ಟ ಫ್ಯಾನು ಕಟ್ಟಿದ ಬೆಳಕಿನ ಬೋನು, ಅದರ ಪಕ್ಕದಲ್ಲಿ ನಮ್ಮ ಉಸಿರಿನಂತೆ ಇಂಗಾಲದ ಡೈಆಕ್ಸೈಡ್ ಬಿಡಲು ಡ್ರೈ ಐಸ್. ಇಲ್ಲಿ ಒಂದು ತಮಾಷೆಯಿದೆ. ಉತ್ತರ ಧ್ರುವವೃತ್ತದ ಆಚೆ ಜೂನ್ ಜುಲೈನಲ್ಲಿ ರಾತ್ರಿಯೇ ಆಗುವುದಿಲ್ಲ. ಸೂರ್ಯ ಮುಳುಗದ ನಾಡಿನಲ್ಲಿ ದೀಪದ ಬೋನಿಗೆ ದೀಪವಿದ್ದೂ ಇಲ್ಲದಂತೆ. ಅಲ್ಲಿ ಕೆಲಸ ಮಾಡುವುದು ಡ್ರೈ ಐಸ್ ಮಾತ್ರ. ಅದೂ ಹತ್ತಿರದ ಪಟ್ಟಣದಿಂದ ನೂರಾರು ಕಿಲೋಮೀಟರ್ ಸಾಗಿಸಿಕೊಂಡು ಬಂದದ್ದು, ದಾರಿಯುದ್ದಕ್ಕೂ ಆವಿಯಾಗುತ್ತಲೇ ಇರುವಂಥದ್ದು. ಹೆಲ್ಸಿಂಕಿ ವಿಶ್ವವಿದ್ಯಾಲಯದ ಜೀವಶಾಸ್ತ್ರ ಕೇಂದ್ರವಿರುವ ಕಿಲ್ಪಿಸ್‌ಯಾರ್ವಿ 69 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿಗೆ ಸರಿಯಾದ ವಾರದಲ್ಲಿ ತಲುಪುವುದೇ ಒಂದು ಲೆಕ್ಕಾಚಾರ. ದಕ್ಷಿಣ ಕರಾವಳಿಯಲ್ಲಿ ಮೇ ಕೊನೆಗೆ ಸೊಳ್ಳೆ ಹಾರುತ್ತಿರುವಾಗ ಉತ್ತರದಲ್ಲಿ ಇನ್ನೂ ಹಿಮವೇ ಕರಗಿರುವುದಿಲ್ಲ.

ಹಿಡಿದ ಮೇಲಿನ ಎಚ್ಚರದ ಬಗ್ಗೆ ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಮೊದಲ ಬೇಸಿಗೆಯಲ್ಲಿ ಒಂದು ಸಂಜೆ ಜೌಗಿನ ಅಂಚಿನಲ್ಲಿ ಅರವತ್ತರಷ್ಟು ಹೆಣ್ಣು ಸೊಳ್ಳೆಗಳನ್ನು ಹಿಡಿದು, ಬಾಯಾರಿ ಸಾಯಬಾರದೆಂದು ಒದ್ದೆ ಹತ್ತಿಯ ತುಂಡೊಂದನ್ನು ಹಾಕಿ, ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಕೂಡಿ ಕಾರಿನ ಹಿಂದಿನ ಸೀಟಿನಲ್ಲಿಟ್ಟೆ. ಕಾರಿನೊಳಗೆ ಬಿಸಿಲು ಬಿತ್ತು, ಡಬ್ಬಿಯೊಳಗೆ ಬೆವರು ಕಟ್ಟಿತು. ಬೆಳಗ್ಗೆ ನೋಡಿದರೆ ಅವೆಲ್ಲ ಒಂದಕ್ಕೊಂದು ಉಜ್ಜಿಕೊಂಡು, ಡಬ್ಬಿಯ ಗೋಡೆಗೆ ಅಂಟಿಕೊಂಡು ಸತ್ತಿದ್ದವು. ಮೈಮೇಲೆ ಒಂದು ಹುರುಪೆಯೂ ಉಳಿದಿರಲಿಲ್ಲ. ಸೊಳ್ಳೆಯ ಬಣ್ಣ, ಪಟ್ಟೆ, ಚುಕ್ಕೆ ಎಲ್ಲವೂ ಚಿಟ್ಟೆಯ ರೆಕ್ಕೆಯ ಪುಡಿಯಂಥ ಹುರುಪೆಗಳಿಂದಲೇ ಆದದ್ದು. ಅದು ಉದುರಿದ ಮೇಲೆ ಉಳಿಯುವುದು ಕಂದು ಬಣ್ಣದ ಬೋಳು ಹುಳ. ನನ್ನ ಜೊತೆಗಿದ್ದ ಹಿರಿಯ ಸಂಗ್ರಾಹಕಿ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, ಬೈಯಲಿಲ್ಲ. ‘ಇವು ಸೊಳ್ಳೆಗಳು ಎಂದು ಮಾತ್ರ ಹೇಳಬಹುದು’ ಎಂದರು.

ಅಂದಿನಿಂದ ನಾನೂ ಕ್ರಮ ಕಲಿತೆ. ಒಂದೊಂದು ಸೊಳ್ಳೆಗೂ ಒಂದೊಂದು ಕೊಳವೆ, ಕೂಡಲೇ ಶೀತಲಪೆಟ್ಟಿಗೆ, ಮದ್ಯಸಾರ ಬೇಡ. ಇನ್ನೂ ಒಳ್ಳೆಯ ದಾರಿ ಮರಿಹುಳುವನ್ನು ತಂದು ಸಾಕುವುದು. ಪ್ರತಿ ಮರಿಹುಳುವನ್ನೂ ಅದು ಹುಟ್ಟಿದ ಗುಂಡಿಯ ನೀರಿನಲ್ಲೇ ಬೇರೆ ಬೇರೆ ಸೀಸೆಯಲ್ಲಿಟ್ಟು, ಅದು ಕಳಚಿದ ಕೊನೆಯ ಪೊರೆಯನ್ನೂ ಪ್ಯೂಪಾದ ಪೊರೆಯನ್ನೂ ಎತ್ತಿಟ್ಟು, ಹೊರಬಂದ ಸೊಳ್ಳೆಯ ಜೊತೆಗೆ ಒಂದೇ ಸಂಖ್ಯೆಯಡಿ ಜೋಡಿಸಬೇಕು. ಮೂರು ವಯಸ್ಸಿನ ಮೂರು ಸಾಕ್ಷಿಗಳು ಒಂದೇ ಜೀವದ್ದು ಎಂದು ಆಗ ಮಾತ್ರ ಖಾತ್ರಿಯಾಗುತ್ತದೆ. ಇದು ಬೇಸರದ ಕೆಲಸ, ಜಾಗ ತಿನ್ನುವ ಕೆಲಸ. ಅಡುಗೆಮನೆಯ ಕಿಟಕಿಯ ಅಂಚಿನಲ್ಲಿ ಇನ್ನೂರು ಸೀಸೆಗಳನ್ನು ಸಾಲಾಗಿ ಇಟ್ಟಾಗ ಮನೆಯವರ ಮುಖ ಹೇಗಿತ್ತೆಂದು ಹೇಳದಿರುವುದೇ ಲೇಸು.

ಇಷ್ಟು ತೊಂದರೆ ಏಕೆಂದರೆ, ಉತ್ತರದ ಏಡಿಸ್‌ಗಳು ಒಂದನ್ನೊಂದು ಅಷ್ಟು ಹೋಲುತ್ತವೆ. ಸ್ವೀಡನ್ನಿನ ಕೀಟಶಾಸ್ತ್ರಜ್ಞ ಚಾರ್ಲ್ಸ್ ಡಿ ಗೀರ್ 1776ರಲ್ಲಿ ಹೆಸರಿಸಿದ ಏಡಿಸ್ ಕಮ್ಯೂನಿಸ್‌ನ ಹೊಟ್ಟೆಯ ಮೇಲಿನ ಬಿಳಿ ಪಟ್ಟೆಗಳು ಅಡ್ಡಕ್ಕೂ ಒಂದೇ ಅಗಲವಾಗಿರುತ್ತವೆ. ಏಡಿಸ್ ಪಂಕ್ಟರ್‌ನಲ್ಲಿ ಅವೇ ಪಟ್ಟೆಗಳು ನಡುವಿನಲ್ಲಿ ಸಣ್ಣಗಾಗುತ್ತವೆ. ಇಲ್ಲಿಯವರೆಗೆ ಸರಿ. ಅದರ ಪಕ್ಕದಲ್ಲಿ ಏಡಿಸ್ ಹೆಕ್ಸೊಡಾಂಟಸ್ ಎಂಬ ಇನ್ನೊಂದಿದೆ, ಟಂಡ್ರಾದ ಕಡೆಯದು. ಪಂಕ್ಟರ್ ಮತ್ತು ಹೆಕ್ಸೊಡಾಂಟಸ್‌ನ ಹೆಣ್ಣುಗಳನ್ನು ಪಕ್ಕಪಕ್ಕದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದ ಅನುಭವಿಗಳೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಆದರೆ ಮರಿಹುಳುವಿನಲ್ಲಿ ವ್ಯತ್ಯಾಸ ಬಯಲಾಗುತ್ತದೆ. ಹೊಟ್ಟೆಯ ಎಂಟನೇ ಖಂಡದ ಪಕ್ಕದಲ್ಲಿ ಪುಟ್ಟ ಬಾಚಣಿಗೆಯಂತೆ ಹಲ್ಲುಗಳ ಗುಂಪೊಂದಿರುತ್ತದೆ. ಪಂಕ್ಟರ್‌ನಲ್ಲಿ ಹಲ್ಲುಗಳು ಹತ್ತಕ್ಕಿಂತ ಹೆಚ್ಚು, ಸಣ್ಣವು; ಇನ್ನೊಂದರಲ್ಲಿ ಆರು ಏಳು, ದೊಡ್ಡವು. ಹೆಕ್ಸೊಡಾಂಟಸ್ ಎಂದರೆ ಆರು ಹಲ್ಲಿನದು ಎಂದೇ ಅರ್ಥ. ಹಾರಾಡುವ ಸೊಳ್ಳೆಯ ಹೆಸರು ಅದು ಬಾಲ್ಯದಲ್ಲಿ ಕಳಚಿ ಬಿಟ್ಟುಬಂದ ಪೊರೆಯಲ್ಲಿ ಬರೆದಿದೆ. ಆ ಪೊರೆ ಸೀಸೆಯ ತಳದಲ್ಲಿ ಕೂದಲೆಳೆಯ ಹಾಗೆ ತೇಲುವುದನ್ನು ಕುಂಚದ ತುದಿಯಿಂದ ಎತ್ತಿ ಗಾಜಿನ ಪಟ್ಟಿಯ ಮೇಲೆ ಹರಡಿ, ಬೆಳಕಿನಲ್ಲಿ ಆರು ಹಲ್ಲು ಎಣಿಸಿದಾಗಿನ ಸಮಾಧಾನ ಬೇರೆಯದೇ.

ಗಂಡು ಸಿಕ್ಕರೆ ಇನ್ನೂ ಒಳ್ಳೆಯದು. ಗಂಡು ಸೊಳ್ಳೆ ಕಚ್ಚುವುದಿಲ್ಲವಾದ್ದರಿಂದ ಸಾಮಾನ್ಯರು ಅದನ್ನು ಗಮನಿಸುವುದೇ ಇಲ್ಲ. ವರ್ಗೀಕರಣ ಮಾಡುವವನಿಗೆ ಅದೇ ಹೆಚ್ಚು ಬೆಲೆಯದು. ಹೊಟ್ಟೆಯ ತುದಿಯ ಜನನಾಂಗದ ಕೊಂಡಿ, ಮುಳ್ಳು, ಹಾಲೆಗಳ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಖಚಿತವಾಗಿ ಬೇರೆಯಾಗಿರುತ್ತದೆ. ತುದಿಯನ್ನು ಕತ್ತರಿಸಿ, ಕ್ಷಾರದಲ್ಲಿ ಮೆದುಮಾಡಿ, ಗಾಜಿನ ಮೇಲೆ ಕೂರಿಸಿ ನೋಡಿದರೆ ಏಡಿಸ್ ಸಿನೆರಿಯಸ್ ಮತ್ತು ಅದರ ಅವಳಿಯಂಥ ಏಡಿಸ್ ಜೆಮಿನಸ್ ಎರಡನ್ನೂ ತಕರಾರಿಲ್ಲದೆ ಬೇರ್ಪಡಿಸಬಹುದು. ಹೆಣ್ಣುಗಳಲ್ಲಿ ಅದು ಕಣ್ಣಳತೆಯ ಮಾತಾಗುತ್ತದೆ, ಅಂದರೆ ಆಗದ ಮಾತು.

ಈ ಕೂದಲು ಸೀಳುವ ಕೆಲಸ ಹವ್ಯಾಸಿಗಳ ಆಟವಲ್ಲ ಎಂಬುದಕ್ಕೆ ಎರಡು ರೋಗಗಳನ್ನು ನೆನೆಯಬೇಕು. ಮೊದಲನೆಯದು ಮಲೇರಿಯಾ. ಫಿನ್ಲೆಂಡಿನಲ್ಲಿ ಮಲೇರಿಯಾ ಇತ್ತು ಎಂದರೆ ನಂಬುವುದು ಕಷ್ಟ. ‘ಹೊರ್ಕಾ’ ಎಂದು ಕರೆಯುತ್ತಿದ್ದ ಆ ನಡುಕದ ಜ್ವರ 18 ಮತ್ತು 19ನೇ ಶತಮಾನಗಳಲ್ಲಿ ಅಲ್ಲಿ ನೆಲೆಯೂರಿತ್ತು. ಯುದ್ಧದ ದಿನಗಳಲ್ಲಿ, 1940ರ ದಶಕದಲ್ಲಿ, ಮತ್ತೆ ತಲೆಯೆತ್ತಿತ್ತು. ಬೇಸಿಗೆ ಇಷ್ಟು ಚಿಕ್ಕದಾಗಿರುವಲ್ಲಿ ರೋಗ ಹೇಗೆ ಉಳಿಯಿತು? ಹಳೆಯ ಚರ್ಚು ದಾಖಲೆಗಳನ್ನೂ ಸಾವಿನ ಲೆಕ್ಕಗಳನ್ನೂ ಜಾಲಾಡಿದ ಲೆನಾ ಹುಲ್ಡೆನ್ ಮತ್ತು ಸಂಗಡಿಗರು 2005ರಲ್ಲಿ ಕೊಟ್ಟ ವಿವರಣೆ ನನಗೆ ಬಹಳ ಹಿಡಿಸಿದ್ದು. ಉತ್ತರದ ಮಲೇರಿಯಾ ಮನೆಯೊಳಗಿನ ರೋಗ, ಅನಾಫಿಲಿಸ್ ಹೆಣ್ಣು ಚಳಿಗಾಲ ಕಳೆಯಲು ಬೆಚ್ಚಗಿನ ಮರದ ಮನೆಗಳೊಳಗೆ ಸೇರಿಕೊಂಡು ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗಿದ ದೊಡ್ಡ ಕುಟುಂಬಗಳ ನಡುವೆ ಪರಾವಲಂಬಿಯನ್ನು ದಾಟಿಸುತ್ತಿತ್ತು ಎಂಬುದು ಅವರ ವಾದ. ಹೊರಗಿನ ಹಿಮಕ್ಕೂ ಒಳಗಿನ ರೋಗಕ್ಕೂ ಸಂಬಂಧವಿರಲಿಲ್ಲ.

ಹಾಗಿದ್ದರೆ ಅದು ಯಾವ ಅನಾಫಿಲಿಸ್? ಒಂದು ಕಾಲಕ್ಕೆ ಯುರೋಪಿನ ಎಲ್ಲವನ್ನೂ ಅನಾಫಿಲಿಸ್ ಮ್ಯಾಕ್ಯುಲಿಪೆನ್ನಿಸ್ ಎಂದೇ ಬರೆಯುತ್ತಿದ್ದರು. ಆ ಸೊಳ್ಳೆ ಇರುವಲ್ಲೆಲ್ಲ ಮಲೇರಿಯಾ ಇರಲಿಲ್ಲ ಎಂಬ ಒಗಟು ಬಹಳ ಕಾಲ ಕಾಡಿತು. ಇಟಲಿಯ ಫಲ್ಲೆರೋನಿ 1920ರ ದಶಕದಲ್ಲಿ ಸೊಳ್ಳೆಯನ್ನು ಬಿಟ್ಟು ಅದರ ಮೊಟ್ಟೆಯನ್ನು ನೋಡಿದರು. ನೀರಿನ ಮೇಲೆ ತೇಲುವ ದೋಣಿಯಾಕಾರದ ಮೊಟ್ಟೆಗಳ ಮೇಲಿನ ಪಟ್ಟೆ ಮತ್ತು ಚುಕ್ಕೆಗಳ ಚಿತ್ತಾರ ಬೇರೆ ಬೇರೆಯಾಗಿತ್ತು. ಒಂದೇ ವೇಷದೊಳಗೆ ಹಲವು ಪ್ರಭೇದಗಳು. ಫಿನ್ಲೆಂಡಿನಲ್ಲಿ ಮುಖ್ಯವಾದ ಮೆಸ್ಸಿಯೆ ಅವರಿಟ್ಟ ಹೆಸರೇ, 1926ರದು. ಇನ್ನೂ ಉತ್ತರಕ್ಕೆ ಸಿಗುವ ಬೆಕ್ಲೆಮಿಶೆವಿಯನ್ನು 1976ರಲ್ಲಿ ಸೋವಿಯತ್ ವಿಜ್ಞಾನಿಗಳು ವರ್ಣತಂತುಗಳ ಪಟ್ಟೆಗಳನ್ನು ಓದಿ ಬೇರ್ಪಡಿಸಿದರು. 2004ರಲ್ಲಿ ರೊಮೇನಿಯಾದ ಮಾದರಿಗಳಿಂದ ಡೇಸಿಯೆ ಎಂಬುದನ್ನು ವಂಶವಾಹಿಯ ಕೆಲವೇ ಅಕ್ಷರಗಳ ವ್ಯತ್ಯಾಸದಿಂದ ಹೆಸರಿಸಲಾಯಿತು. ಆಮೇಲೆ ಅದು ಸ್ವೀಡನ್ನಿನಲ್ಲೂ ಕಂಡುಬಂತು. ಬಂದದ್ದಲ್ಲ, ಕಂಡುಬಂದದ್ದು. ನಮ್ಮ ಮಲೆನಾಡಿನವರಿಗೆ ಈ ಕಥೆ ಹೊಸದಲ್ಲ. ಉತ್ತರ ಕನ್ನಡದ ಊರುಗಳನ್ನು ಒಂದು ಕಾಲಕ್ಕೆ ಮಲೇರಿಯಾದಿಂದ ಬರಿದು ಮಾಡಿದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಕೂಡ ಒಂದೇ ಪ್ರಭೇದವಲ್ಲ, ಎಸ್, ಟಿ, ಯು ಎಂದು ಕರೆಯುವ ಸೋದರ ಪ್ರಭೇದಗಳ ಗುಂಪು ಎಂದು ತಿಳಿದದ್ದು ಬಹಳ ತಡವಾಗಿ. ಅವುಗಳಲ್ಲಿ ಎಸ್ ಮನುಷ್ಯರ ರಕ್ತ ಹುಡುಕುವಂಥದ್ದು, ಉಳಿದವು ದನಗಳ ಕಡೆಗೆ ಹೋಗುವಂಥವು.

ಎರಡನೆಯದು ಪೊಗೊಸ್ತಾ ರೋಗ. ಫಿನ್ಲೆಂಡಿನ ಪೂರ್ವದ ಉತ್ತರ ಕರೇಲಿಯಾದಲ್ಲಿ, ಇಲೊಮಾಂತ್ಸಿಯ ಸುತ್ತ, 1974ರ ಹೊತ್ತಿಗೆ ಗುರುತಿಸಿದ ಈ ಕಾಯಿಲೆಯಲ್ಲಿ ಮೈಮೇಲೆ ಗುಳ್ಳೆ ಏಳುತ್ತದೆ, ಕೀಲುಗಳು ಹಿಡಿದುಕೊಳ್ಳುತ್ತವೆ, ಕೆಲವರಲ್ಲಿ ಆ ನೋವು ವರ್ಷಗಟ್ಟಲೆ ಉಳಿಯುತ್ತದೆ. ಸ್ವೀಡನ್ನಿನಲ್ಲಿ ಇದೇ ಒಕೆಲ್ಬೊ ರೋಗ, ರಷ್ಯಾದಲ್ಲಿ ಕರೇಲಿಯನ್ ಜ್ವರ. ಕಾರಣ ಸಿಂಡ್‌ಬಿಸ್ ವೈರಸ್, 1952ರಲ್ಲಿ ಈಜಿಪ್ಟಿನಲ್ಲಿ ಮೊದಲು ಸಿಕ್ಕಿದ್ದು. ಚಿಕುನ್‌ಗುನ್ಯಾದ ವೈರಸ್ಸೂ ಇದೂ ಆಲ್ಫಾವೈರಸ್ ಎಂಬ ಒಂದೇ ಮನೆತನದವು. 2006ರಲ್ಲಿ ನಮ್ಮ ಹಳ್ಳಿಗಳಲ್ಲಿ ಜನ ಬಗ್ಗಿ ಬಗ್ಗಿ ನಡೆದದ್ದನ್ನು ಕಂಡವರಿಗೆ ಪೊಗೊಸ್ತಾದ ವಿವರಣೆ ಬೇಕಾಗಿಲ್ಲ. ಫಿನ್ಲೆಂಡಿನಲ್ಲಿ ಇದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ, ಜನ ಕಾಡಿಗೆ ಹಣ್ಣು ಮತ್ತು ಅಣಬೆ ಆಯಲು ಹೋಗುವ ಕಾಲದಲ್ಲಿ.

ವೈರಸ್ ಬಾಳುವುದು ಹಕ್ಕಿಗಳಲ್ಲಿ. ಹಕ್ಕಿಯಿಂದ ಹಕ್ಕಿಗೆ ಅದನ್ನು ಸಾಗಿಸುವುದು ಕ್ಯುಲೆಕ್ಸ್. ಹಳೆಯ ಬರಹಗಳಲ್ಲಿ ಉತ್ತರದ ಈ ಸೊಳ್ಳೆಯನ್ನು ಸ್ವೀಡನ್ನಿನ ಜೀವಶಾಸ್ತ್ರಜ್ಞ ಲಿನ್ನೇಯಸ್ 1758ರಲ್ಲಿ ಹೆಸರಿಸಿದ ಕ್ಯುಲೆಕ್ಸ್ ಪಿಪಿಯೆನ್ಸ್ ಎಂದೇ ಗುರುತಿಸಿರುತ್ತಾರೆ. ಅದರ ಪಕ್ಕದಲ್ಲಿ, ಹೆಣ್ಣಿನ ಮಟ್ಟಿಗೆ ಬೇರ್ಪಡಿಸಲಾರದಷ್ಟು ಹೋಲುವ ಕ್ಯುಲೆಕ್ಸ್ ಟೊರೆಂಟಿಯಂ ಎಂಬುದಿದೆ, 1925ರಲ್ಲಿ ಹೆಸರಿಸಿದ್ದು. ಗಂಡಿನ ಜನನಾಂಗದಿಂದ ಅಥವಾ ವಂಶವಾಹಿ ಪರೀಕ್ಷೆಯಿಂದ ಮಾತ್ರ ತಿಳಿಯುವ ಈ ವ್ಯತ್ಯಾಸವನ್ನು ಯುರೋಪಿನುದ್ದಕ್ಕೂ ಪರೀಕ್ಷಿಸಿದಾಗ, ದಕ್ಷಿಣದಲ್ಲಿ ಪಿಪಿಯೆನ್ಸ್ ಮೇಲುಗೈಯಾದರೆ ಉತ್ತರದಲ್ಲಿ ಟೊರೆಂಟಿಯಂ ಮೇಲುಗೈ ಎಂದು ತಿಳಿಯಿತು. ಸಿಂಡ್‌ಬಿಸ್ ಸೋಂಕು ತಗಲಿಸಿಕೊಂಡು ದಾಟಿಸುವುದರಲ್ಲೂ ಟೊರೆಂಟಿಯಮ್ಮೇ ಚುರುಕು. ದಶಕಗಳ ಕಾಲ ತಪ್ಪು ಸೊಳ್ಳೆಯ ಹೆಸರಿನಲ್ಲಿ ದಾಖಲೆ ಬರೆದಿದ್ದರೆಂಬುದು ಕೆಲವರಿಗೆ ಸಣ್ಣ ವಿಷಯವೆನ್ನಿಸಬಹುದು. ನನಗೆ ಅದು ಸಣ್ಣದಲ್ಲ.

ಇಲ್ಲಿ ಲಿನ್ನೇಯಸ್‌ನ ಕುರಿತು ಒಂದು ಮಾತು. 1732ರಲ್ಲಿ ಲ್ಯಾಪ್‌ಲೆಂಡಿನಲ್ಲಿ ಅಲೆದಾಡಿ ಈ ಕೀಟಗಳ ಕಾಟವನ್ನು ಮೈಯಾರೆ ಅನುಭವಿಸಿದವನು ಆತ. ಆದರೂ ಕ್ಯುಲೆಕ್ಸ್ ಎಂಬ ಹೆಸರಿನಡಿ ಆತ ಇಟ್ಟದ್ದರಲ್ಲಿ ಸೊಳ್ಳೆಯಲ್ಲದ ಕಚ್ಚುನೊಣಗಳೂ ಸೇರಿಕೊಂಡಿದ್ದವು. ಕ್ಯುಲೆಕ್ಸ್ ರೆಪ್ಟಾನ್ಸ್ ಎಂದು ಆತ ಕರೆದದ್ದು ಈಗ ಸಿಮ್ಯುಲಿಯಂ ಎಂಬ ಕರಿನೊಣ. ಕಚ್ಚಿದವರನ್ನೆಲ್ಲ ಒಂದೇ ಗುಂಪಿಗೆ ಹಾಕಿದನೋ ಏನೋ.

ವಂಶವಾಹಿ ಪರೀಕ್ಷೆ ಬಂದ ಮೇಲೆ ಇಷ್ಟೆಲ್ಲ ಹಲ್ಲು ಎಣಿಸುವುದೇಕೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಕಾಲಿನ ಒಂದು ತುಂಡಿನಿಂದ ಡಿಎನ್‌ಎ ತೆಗೆದು, ಸಿಒಐ ಎಂಬ ವಂಶವಾಹಿಯ ಸುಮಾರು 650 ಅಕ್ಷರಗಳನ್ನು ಓದಿ, ಅಂಗಡಿಯ ಬಾರ್‌ಕೋಡಿನಂತೆ ಜಾಗತಿಕ ಕಣಜದ ಜೊತೆ ಹೋಲಿಸುವುದು ಈಗ ಸುಲಭ. ಅದರಿಂದ ಬಹಳ ಪ್ರಯೋಜನವೂ ಆಗಿದೆ. ಆದರೆ ಎರಡು ತೊಡಕು. ಕಣಜದಲ್ಲಿ ಆ ಅಕ್ಷರಗಳಿಗೆ ಹೆಸರು ಅಂಟಿಸಿದವರೂ ಯಾವುದೋ ಒಂದು ಸೊಳ್ಳೆಯನ್ನು ಕಣ್ಣಿನಿಂದಲೇ ಗುರುತಿಸಿದ್ದರು; ಅವರು ತಪ್ಪಿದ್ದರೆ ಯಂತ್ರವೂ ಅದೇ ತಪ್ಪನ್ನು ಗಂಭೀರವಾಗಿ ಹೇಳುತ್ತದೆ. ಎರಡನೆಯದಾಗಿ, ಹತ್ತಿರದ ಪ್ರಭೇದಗಳಲ್ಲಿ ಈ ತುಂಡು ಬೇರೆಯಾಗಿರಲೇಬೇಕೆಂದಿಲ್ಲ. ಪಂಕ್ಟರ್ ಮತ್ತು ಹೆಕ್ಸೊಡಾಂಟಸ್ ವಿಷಯದಲ್ಲಿ ಅದು ಬಾಯಿ ಬಿಡುವುದಿಲ್ಲ. ಮೆಸ್ಸಿಯೆ ಮತ್ತು ಡೇಸಿಯೆಗೆ ಐಟಿಎಸ್2 ಎಂಬ ಬೇರೊಂದು ಭಾಗವನ್ನೇ ಓದಬೇಕು.

ಮ್ಯೂಸಿಯಂನ ಪೆಟ್ಟಿಗೆಗಳಲ್ಲಿ ಇನ್ನೊಂದು ಬಗೆಯ ತೊಡಕಿದೆ, ಜೀವಶಾಸ್ತ್ರಕ್ಕೆ ಸೇರದ್ದು. ಹೆಲ್ಸಿಂಕಿಯ ನಿಸರ್ಗ ಇತಿಹಾಸ ಮ್ಯೂಸಿಯಂನಲ್ಲಿರುವಂಥ ಹಳೆಯ ಸೊಳ್ಳೆಗಳ ಸೂಜಿಯಲ್ಲಿ ಬೆರಳುಗುರಿನಷ್ಟು ಚೀಟಿ ಇರುತ್ತದೆ: ಊರು, ದಿನಾಂಕ, ಹಿಡಿದವರ ಹೆಸರು. ಆ ಊರು ಕರೇಲಿಯನ್ ಭೂಸಂಧಿಯಲ್ಲೋ ಪೆಟ್ಸಮೋದಲ್ಲೋ ಇದ್ದರೆ ಅದು ಈಗ ಫಿನ್ಲೆಂಡಿನಲ್ಲಿಲ್ಲ. ಯುದ್ಧದ ಕೊನೆಗೆ, 1944ರಲ್ಲಿ, ಆ ನೆಲ ಸೋವಿಯತ್ ಒಕ್ಕೂಟಕ್ಕೆ ಹೋಯಿತು. ಸೊಳ್ಳೆ ಕದಲಿಲ್ಲ, ಗಡಿ ಕದಲಿತು. ಅಂಥ ಮಾದರಿಯೊಂದರ ಮೇಲೆ ನಿಂತ ಹೆಸರನ್ನು ಇಂದಿನ ದೇಶದ ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕಾದರೆ ಇಂದಿನ ಗಡಿಯೊಳಗೆ ಅದನ್ನು ಮತ್ತೆ ಹಿಡಿಯಬೇಕು. ಹಾಗೆ ಹಿಡಿಯಲು ಹೋದವರ ಜೇಬಿನಲ್ಲಿ ಹಳೆಯ ಚೀಟಿ, ಕೈಯಲ್ಲಿ ಹೊಸ ನಕ್ಷೆ.

ಪಟ್ಟಿಯೊಂದು ಸೊನ್ನೆಯಿಂದ ಒಂದಾಗುವುದನ್ನೂ ನಾವು ಈಚೆಗೆ ನೋಡಿದೆವು. ಸೊಳ್ಳೆಯಿಲ್ಲದ ದೇಶವೆಂದು ಹೆಸರಾಗಿದ್ದ ಐಸ್‌ಲೆಂಡಿನಲ್ಲಿ 2025ರ ಅಕ್ಟೋಬರ್‌ನಲ್ಲಿ, ಪತಂಗಗಳನ್ನು ಸೆಳೆಯಲೆಂದು ವೈನಿನಲ್ಲಿ ಅದ್ದಿ ತೂಗುಹಾಕಿದ ಹಗ್ಗಕ್ಕೆ ಮೂರು ಸೊಳ್ಳೆಗಳು ಬಂದು ಕೂತವು: ಎರಡು ಹೆಣ್ಣು, ಒಂದು ಗಂಡು. ಹಿಡಿದವರು ಕೀಟಗಳಲ್ಲಿ ಆಸಕ್ತಿಯಿದ್ದ ಸ್ಥಳೀಯರು. ಅದು ಕ್ಯುಲಿಸೆಟಾ ಆನ್ಯುಲಾಟಾ ಎಂದು ದೃಢಪಡಿಸಿದವರು ಅಲ್ಲಿನ ನಿಸರ್ಗ ವಿಜ್ಞಾನ ಸಂಸ್ಥೆಯವರು. ಕಾಲಿಗೆ ಬಿಳಿ ಬಳೆ ತೊಟ್ಟ ಈ ದೊಡ್ಡ ಸೊಳ್ಳೆ ಕೊಟ್ಟಿಗೆ, ನೆಲಮಾಳಿಗೆಗಳಲ್ಲಿ ಹೆಣ್ಣಾಗಿಯೇ ಚಳಿಗಾಲ ಕಳೆಯಬಲ್ಲದು. ಆದರೆ ಹಡಗಿನಲ್ಲಿ ಬಂದಿಳಿದ ಅತಿಥಿಗೂ ಅಲ್ಲೇ ಸಂಸಾರ ಹೂಡಿದ ನಿವಾಸಿಗೂ ವ್ಯತ್ಯಾಸವಿದೆ. ಎರಡನೆಯದೆಂದು ಬರೆಯಬೇಕಾದರೆ ಯಾರಾದರೂ ಸೌಟು ಹಿಡಿದು ನೀರಿನಲ್ಲಿ ಮರಿಹುಳುವನ್ನು ತೋರಿಸಬೇಕು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು, ‘ಸರ್, ಆ ಅರವತ್ತು ಬೋಳು ಸೊಳ್ಳೆಗಳನ್ನು ಏನು ಮಾಡಿದಿರಿ?’ ಎಂದು ಕೇಳಿದಳು. ಎಸೆಯಲಿಲ್ಲ. ಹತ್ತು ಸೊಳ್ಳೆಗಳ ಒಂದೊಂದು ಕಾಲನ್ನು ಪರೀಕ್ಷೆಗೆ ಕಳುಹಿಸಿದೆವು. ನಾಲ್ಕು ಕಮ್ಯೂನಿಸ್ ಎಂದು ಉತ್ತರ ಬಂತು. ಉಳಿದ ಆರಕ್ಕೆ, ‘ಪಂಕ್ಟರ್ ಅಥವಾ ಹೆಕ್ಸೊಡಾಂಟಸ್’. ಮರಿಹುಳುವಿನ ಪೊರೆ ಇದ್ದಿದ್ದರೆ ಹಲ್ಲು ಎಣಿಸಬಹುದಿತ್ತು. ಅದು ಯಾವುದೋ ಜೌಗಿನ ಗುಂಡಿಯಲ್ಲಿ ಎಲೆಗಳ ಜೊತೆ ಕೊಳೆತುಹೋಗಿತ್ತು. ಚೀಟಿಯಲ್ಲಿ ಎರಡೂ ಹೆಸರನ್ನು ಬರೆದು, ನಡುವೆ ಓರೆಗೆರೆ ಎಳೆದು, ಆರನ್ನೂ ಅದೇ ಡಬ್ಬಿಗೆ ವಾಪಸು ಹಾಕಿದೆ.